ಮೂರು ನಿಮಿಷ, ಎರಡು ಸೆಕೆಂಡ್: ಬ್ಲಿಟ್ಜ್ ಟೂರ್ನಿಗೆ ಕೂರುವ ಮುನ್ನ

ದಿನವೂ ಮೊಬೈಲಿನಲ್ಲಿ ಬ್ಲಿಟ್ಜ್, ಅಂದರೆ ಅತಿವೇಗದ ಚೆಸ್, ಆಡಿ ಪಳಗಿದ ಹುಡುಗ ಭಾನುವಾರ ಬೆಳಿಗ್ಗೆ ಮಂಡ್ಯದಲ್ಲಿ ರೈಲು ಹತ್ತಿ ಮೈಸೂರಿನ ಟೂರ್ನಿಗೆ ಬರುತ್ತಾನೆ. ಓಪನಿಂಗ್ (ಆಟದ ಆರಂಭ) ಹದಿನೈದು ನಡೆ ಬಾಯಿಪಾಠ. ಮೊದಲ ಆಟದಲ್ಲೇ ಒಂದು ಕೈಯಲ್ಲಿ ರಾಜ, ಇನ್ನೊಂದರಲ್ಲಿ ಆನೆ ಹಿಡಿದು, ಎರಡನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗ್ ಮಾಡಿ ಕ್ಲಾಕ್ ಒತ್ತುತ್ತಾನೆ. ಎದುರಾಳಿ ಕೈ ಎತ್ತುತ್ತಾನೆ, ಅರ್ಬಿಟರ್ (ತೀರ್ಪುಗಾರರು) ಬಂದು ಎದುರಾಳಿಗೆ ಒಂದು ನಿಮಿಷ ಸೇರಿಸಿ ಹೋಗುತ್ತಾರೆ. ಮೂರು ನಿಮಿಷದ ಆಟದಲ್ಲಿ ಒಂದು ನಿಮಿಷ ಅಂದರೆ ಮೂರನೇ ಒಂದು ಪಾಲು. ಅಲ್ಲಿಂದ ಮುಂದೆ ಹುಡುಗನ ಕೈ ನಡುಗುತ್ತಲೇ ಇರುತ್ತದೆ.

ಬ್ಲಿಟ್ಜ್‌ನಲ್ಲಿ ಪಾಯಿಂಟ್ ಸೋರುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ: ಕೈಯಲ್ಲಿ, ಕ್ಲಾಕಿನಲ್ಲಿ, ಒಂದು ತಪ್ಪಾದ ಮರುಕ್ಷಣದಲ್ಲಿ. ಹೊಸ ಓಪನಿಂಗ್ ಕಲಿಯುವ ಮೊದಲು ಇವನ್ನು ಸರಿ ಮಾಡಿಕೊಂಡರೆ ಫಲ ಬೇಗ ಸಿಗುತ್ತದೆ.

ಸಮಯದ ಲೆಕ್ಕ

ಫಿಡೆ (ವಿಶ್ವ ಚೆಸ್ ಸಂಸ್ಥೆ) ನಿಯಮದಂತೆ ಒಬ್ಬ ಆಟಗಾರನ ಮೂಲ ಸಮಯಕ್ಕೆ, ಪ್ರತಿ ನಡೆಗೆ ಜಮೆಯಾಗುವ ಇನ್‌ಕ್ರಿಮೆಂಟಿನ 60 ಪಟ್ಟು ಕೂಡಿಸಿದಾಗ ಹತ್ತು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ಬ್ಲಿಟ್ಜ್. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಶಿಪ್ ನಡೆಯುವುದು 3+2ರಲ್ಲಿ: ಮೂರು ನಿಮಿಷ, ಪ್ರತಿ ನಡೆಗೆ ಎರಡು ಸೆಕೆಂಡ್ ಜಮಾ. 60 ನಡೆಯ ಆಟಕ್ಕೆ 180+120, ಅಂದರೆ 300 ಸೆಕೆಂಡ್. ನಡೆಗೆ 5 ಸೆಕೆಂಡ್. 5+0ದಲ್ಲೂ ಒಟ್ಟು ಅಷ್ಟೇ. ಆದರೆ ಆಡುವ ಬಗೆ ಬೇರೆ. 3+2ರಲ್ಲಿ ಕೊನೆಯವರೆಗೂ ಎರಡೆರಡು ಸೆಕೆಂಡ್ ಸಿಗುತ್ತಾ ಹೋಗುವುದರಿಂದ ಗೆದ್ದ ಎಂಡ್‌ಗೇಮನ್ನು ನಿಧಾನವಾಗಿ ಮುಗಿಸಬಹುದು. 5+0ದಲ್ಲಿ ಕೊನೆಗೆ ಏನೂ ಉಳಿದಿರುವುದಿಲ್ಲ. ಆನೆ ಜಾಸ್ತಿ ಇದ್ದವರೂ ಫ್ಲ್ಯಾಗ್ ಬಿದ್ದು, ಅಂದರೆ ಸಮಯ ಮುಗಿದು, ಸೋಲುತ್ತಾರೆ. ಟೂರ್ನಿಯ ಪಾಂಪ್ಲೆಟ್ಟಿನಲ್ಲಿ ಮೊದಲು ಓದಬೇಕಾದದ್ದು ಬಹುಮಾನದ ಮೊತ್ತ ಅಲ್ಲ, ಈ ಎರಡು ಅಂಕಿ.

3+2ಕ್ಕೆ ಒಂದು ಗುರಿ ಇಟ್ಟುಕೊಳ್ಳಿ. 10ನೇ ನಡೆ ಮುಗಿದಾಗ ನಿಮ್ಮ ಕ್ಲಾಕ್ 2:50ರ ಆಸುಪಾಸು ಇರಲಿ, 20ಕ್ಕೆ 2:00, 30ಕ್ಕೆ 1:20. ಅಂದರೆ ಮೊದಲ ಹತ್ತಕ್ಕೆ 30 ಸೆಕೆಂಡ್, ಮುಂದಿನ ಹತ್ತಕ್ಕೆ 70, ಅದರ ಮುಂದಿನ ಹತ್ತಕ್ಕೆ 60. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ: ಏಳನೇ ನಡೆಯಲ್ಲಿ ಒಂಟೆಯನ್ನು ಇ2 ಮನೆಯಲ್ಲಿಡಲೋ ಡಿ3ರಲ್ಲಿಡಲೋ ಎಂದು 25 ಸೆಕೆಂಡ್ ಕಳೆದು, ರಾಜನಿಗೆ ಏಟು ಬೀಳುವ ಹೊತ್ತಿಗೆ 4 ಸೆಕೆಂಡ್ ಉಳಿಸಿಕೊಂಡಿರುತ್ತಾರೆ. ಎರಡೂ ನಡೆ ಸುಮಾರಾಗಿ ಸರಿ ಅನ್ನಿಸಿದರೆ ಹೋಲಿಸುತ್ತ ಕೂರಬೇಡಿ. ಯಾವ ಕಾಯಿಯೂ ಬಿಟ್ಟಿ ಹೋಗದಂಥದ್ದನ್ನು ಆಡಿ ಕ್ಲಾಕ್ ಒತ್ತಿ.

20 ಸೆಕೆಂಡ್ ದಾಟಿ ಯೋಚಿಸಲು ಬೆಲೆ ಇರುವುದು ಮೂರೇ ಕಡೆ. ಕಾಯಿ ಬಲಿ ಕೊಡುವ ಮೊದಲು. ನಿಮ್ಮ ರಾಜನ ಮುಂದಿನ ಪಾನ್ (ಕಾಲಾಳು) ಒಡೆಯುವಾಗ. ಕೊನೆಯ ಕಾಯಿ ಬದಲಾಯಿಸಿ ಬರೀ ರಾಜ-ಪಾನ್ ಎಂಡ್‌ಗೇಮಿಗೆ ಇಳಿಯುವಾಗ. ಮೂರನೆಯದನ್ನು ಬ್ಲಿಟ್ಜ್ ಆಡುವವರು ಲಕ್ಷ್ಯವಿಲ್ಲದೆ ಬದಲಾಯಿಸಿಬಿಡುತ್ತಾರೆ, ಆಮೇಲೆ ಒಂದು ಮನೆ ಹಿಂದೆ ಬಿದ್ದ ರಾಜನನ್ನು ಇಟ್ಟುಕೊಂಡು ಒದ್ದಾಡುತ್ತಾರೆ.

ಕೈಯನ್ನು ತಿದ್ದುವುದು

ಮೊಬೈಲ್ ಕಲಿಸದ ವಿದ್ಯೆ ಇದು. ಕಾಯಿ ನಡೆಸಿದ ಕೈಯಿಂದಲೇ ಕ್ಲಾಕ್ ಒತ್ತಬೇಕು. ಕ್ಯಾಸ್ಲಿಂಗ್, ಕಾಯಿ ಹೊಡೆಯುವುದು, ಪ್ರೊಮೋಷನ್ ಎಲ್ಲ ಒಂದೇ ಕೈಯಲ್ಲಿ ಆಗಬೇಕು. ಎರಡು ಕೈ ಬಳಸಿ ಕ್ಲಾಕ್ ಒತ್ತಿದರೆ ಅದು ನಿಯಮಬಾಹಿರ ನಡೆಗೆ, ಅಂದರೆ ಇಲ್ಲೀಗಲ್ ಮೂವ್‌ಗೆ ಸಮ. ನಡೆಯನ್ನೇ ಆಡದೆ ಕ್ಲಾಕ್ ಒತ್ತಿದರೂ ಹಾಗೇ. ಮೊದಲ ಬಾರಿಗೆ ಎದುರಾಳಿಗೆ ಒಂದು ನಿಮಿಷ. ಎರಡನೇ ಬಾರಿಗೆ ಆಟವೇ ಹೋಯಿತು.

ಕ್ಯಾಸ್ಲಿಂಗ್‌ನಲ್ಲಿ ಮೊದಲು ಮುಟ್ಟಬೇಕಾದದ್ದು ರಾಜನನ್ನು. ರಾಜನನ್ನು ಎರಡು ಮನೆ ಸರಿಸಿ, ಅದೇ ಕೈಯಿಂದ ಆನೆಯನ್ನು ದಾಟಿಸಿ, ಆಮೇಲೆ ಕ್ಲಾಕ್. ಆನೆಯನ್ನು ಬೇಕೆಂದೇ ಮೊದಲು ಮುಟ್ಟಿದರೆ ಆ ಬದಿಗೆ ಕ್ಯಾಸ್ಲಿಂಗ್ ಇಲ್ಲ, ಆನೆಯನ್ನಷ್ಟೇ ಆಡಬೇಕು. ಕಾಯಿ ಹೊಡೆಯುವಾಗ ನಿಮ್ಮ ಕಾಯಿಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಹಿಡಿದು, ಹೊಡೆಸಿಕೊಂಡದ್ದನ್ನು ಉಂಗುರಬೆರಳು ಮತ್ತು ಕಿರುಬೆರಳಿಂದ ಅಂಗೈಗೆ ಎಳೆದುಕೊಳ್ಳಿ. ಮನೆಯಲ್ಲಿ ಸಂಜೆ ಹತ್ತು ನಿಮಿಷ, ಬರೀ ಇದನ್ನೇ ಮಾಡಿದರೂ ವಾರದೊಳಗೆ ಕೈ ಪಳಗುತ್ತದೆ.

ಪ್ರೊಮೋಷನ್, ಅಂದರೆ ಕೊನೆಯ ಸಾಲು ಮುಟ್ಟಿದ ಪಾನನ್ನು ರಾಣಿಯಾಗಿ ಬದಲಿಸುವುದು, ಇನ್ನೂ ತೊಡಕು. ಪಾನನ್ನು ಕೊನೆಯ ಸಾಲಿಗೆ ತಳ್ಳಿ, ಬಾಯಲ್ಲಿ ‘ಕ್ವೀನ್’ ಎಂದು ಹೇಳಿ, ಪಾನ್ ಇದ್ದಂತೆಯೇ ಕ್ಲಾಕ್ ಒತ್ತುವವರು ಬಹಳ, ಅದು ಇಲ್ಲೀಗಲ್. ಆನೆಯನ್ನು ತಲೆಕೆಳಗಾಗಿ ಇಟ್ಟು ರಾಣಿ ಅಂದರೂ ಅರ್ಬಿಟರ್ ಲೆಕ್ಕದಲ್ಲಿ ಅದು ಆನೆಯೇ. ಪಾನ್ ಆರನೇ ಸಾಲಿಗೆ ಬಂದ ಕೂಡಲೇ ಹೊಡೆಸಿಕೊಂಡ ರಾಣಿ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕಿಟ್ಟುಕೊಳ್ಳಿ. ರಾಣಿ ಸಿಗಲೇ ಇಲ್ಲವೆಂದರೆ ಕ್ಲಾಕ್ ನಿಲ್ಲಿಸಿ ‘ಸರ್, ಕ್ವೀನ್ ಬೇಕು’ ಎಂದು ಅರ್ಬಿಟರನ್ನು ಕರೆಯಿರಿ. ನಿಯಮವೇ ಅದಕ್ಕೆ ಅವಕಾಶ ಕೊಟ್ಟಿದೆ, ಸಂಕೋಚ ಬೇಡ.

ಯೋಚಿಸುವಾಗ ಕೈ ತೊಡೆಯ ಮೇಲಿರಲಿ. ಬೋರ್ಡಿನ ಮೇಲೆ ತೂಗಾಡುವ ಕೈ ತಾನಾಗಿಯೇ ಏನಾದರೊಂದನ್ನು ಮುಟ್ಟಿಬಿಡುತ್ತದೆ, ಮುಟ್ಟಿದ ಕಾಯಿಯನ್ನೇ ಆಡಬೇಕಾದ ಟಚ್ ಮೂವ್ ಆಯಿತೆಂದರೆ ಮುಗಿಯಿತು. ಕ್ಲಾಕಿನ ಮೇಲೆ ಬೆರಳಿಟ್ಟು ಕಾಯುವುದಕ್ಕಂತೂ ನಿಷೇಧವೇ ಇದೆ.

ಕಣ್ಣು ತಪ್ಪಿಸಿಕೊಳ್ಳುವ ನಡೆಗಳು

ಎದುರಾಳಿ ಆಡಿದ ಕೂಡಲೇ ಎರಡು ಪ್ರಶ್ನೆ: ಆ ಕಾಯಿ ಈಗ ಏನನ್ನು ನೋಡುತ್ತಿದೆ? ಅದು ಬಿಟ್ಟುಬಂದ ಮನೆಯಿಂದ ಯಾವ ದಾರಿ ತೆರೆಯಿತು? ಎರಡನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ, ರಾಣಿ ಹೋಗುವುದು ಅಲ್ಲೇ. ನಿಮ್ಮ ಸರದಿಯಲ್ಲಿ ಚೆಕ್, ಹೊಡೆತ, ಬೆದರಿಕೆ ಈ ಕ್ರಮದಲ್ಲಿ ನೋಡಿ. ಒಂದೆರಡು ಸೆಕೆಂಡಿನ ಕೆಲಸ.

ಅವಸರದಲ್ಲಿ ಕಾಣದೇ ಹೋಗುವುದರಲ್ಲಿ ಹಿಂದಕ್ಕೆ ಬರುವ ನಡೆಗೆ ಮೊದಲ ಸ್ಥಾನ. ನಿಮ್ಮ ಕಪ್ಪು ಕುದುರೆ ಸಿ2ಕ್ಕೆ ನುಗ್ಗಿ ಎ1ರ ಆನೆಗೆ ಗುರಿಯಿಟ್ಟಿದೆ ಅಂದುಕೊಳ್ಳಿ. ದೂರದ ಎಚ್7ರಲ್ಲಿ ನಿಮ್ಮ ರಾಜನನ್ನು ಕಾಡುತ್ತಿದ್ದ ಬಿಳಿ ರಾಣಿ ಓರೆಯಲ್ಲಿ ವಾಪಸ್ ಬಂದು ಕುದುರೆಯನ್ನೇ ತಿಂದುಹೋಗುತ್ತದೆ. ಮುಂದೆ ನುಗ್ಗಿದ ರಾಣಿ, ಒಂಟೆಗಳಿಗೆ ಹಿಂದೆಯೂ ಕಣ್ಣಿದೆ.

ಕುದುರೆ ಒಂದೇ ಬಾರಿಗೆ ದಾಳಿ ಮಾಡುವ ಮನೆಗಳೆಲ್ಲ ಒಂದೇ ಬಣ್ಣದವು. ಹಾಗಾಗಿ ನಿಮ್ಮ ರಾಜ, ರಾಣಿ ಬೇರೆ ಬೇರೆ ಬಣ್ಣದ ಮನೆಯಲ್ಲಿದ್ದರೆ ಒಂದೇ ಕುದುರೆ ಇಬ್ಬರ ಮೇಲೂ ಒಟ್ಟಿಗೆ ದಾಳಿ (ಫೋರ್ಕ್) ಮಾಡಲಾಗದು. 10 ಸೆಕೆಂಡ್ ಉಳಿದಾಗ ಲೆಕ್ಕ ಹಾಕುವ ಬದಲು ಬಣ್ಣ ನೋಡಿದರೆ ಸಾಕು. ಕುದುರೆ 64 ಮನೆಯನ್ನೂ ಸುತ್ತಿಬರುವ ಒಗಟನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಟ್ಟ ಊರು ಮೈಸೂರು. ಆದರೂ ಇಲ್ಲಿನ ಟೂರ್ನಿಗಳಲ್ಲಿ ಕುದುರೆಗೆ ರಾಣಿ ಕೊಡುವುದು ನಿಂತಿಲ್ಲ.

ಆನ್‌ಲೈನಿನ ಪ್ರೀ-ಮೂವ್ ಚಟ, ಅಂದರೆ ಎದುರಾಳಿ ಆಡುವ ಮೊದಲೇ ನಮ್ಮ ನಡೆ ಒತ್ತಿಡುವುದು, ಬೋರ್ಡಿಗೂ ಬರುತ್ತದೆ. ಚಿಕ್ಕ ಮಕ್ಕಳು ಪ್ರೀತಿಯಿಂದ ಆಡುವ ಸಾಲು ನೋಡಿ: 1 ಇ4 ಇ5, 2 ರಾಣಿ ಎಚ್5. ಸಿಟ್ಟಿನಲ್ಲಿ ತಕ್ಷಣ ಜಿ6 ತಳ್ಳಿದರೆ ರಾಣಿ ಇ5ರ ಪಾನ್ ಹೊಡೆದು ಚೆಕ್ ಕೊಟ್ಟು, ಮುಂದಿನ ನಡೆಯಲ್ಲಿ ಎಚ್8ರ ಆನೆ ಎತ್ತಿಕೊಳ್ಳುತ್ತದೆ. ಸರಿಯಾದ್ದು 2... ಕುದುರೆ ಸಿ6. ಆಮೇಲೆ 3 ಒಂಟೆ ಸಿ4. ಇಲ್ಲಿ ಅಭ್ಯಾಸಬಲದಿಂದ ಕುದುರೆಯನ್ನು ಎಫ್6ಕ್ಕೆ ತಂದರೆ ಎಫ್7ರಲ್ಲಿ ಮೇಟ್. ಮೊದಲು ಜಿ6, ರಾಣಿ ಎಫ್3ಕ್ಕೆ ಸರಿದ ಮೇಲೆ ಕುದುರೆ ಎಫ್6. ಎದುರಿಗೆ ಎಂಟು ವರ್ಷದ ಮಗು ಕೂತಿದೆ ಎಂದು ನೋಡದೆ ಆಡಿದ ದೊಡ್ಡವರು ನಾಲ್ಕು ನಡೆಯಲ್ಲಿ ಎದ್ದುಹೋಗಿದ್ದುಂಟು.

ಇನ್ನು ಹಿಂದಿನ ಸಾಲಿನ ಮೇಟ್. ಎಫ್, ಜಿ, ಎಚ್ ಪಾನ್‌ಗಳು ಕದಲದೆ ನಿಂತಿದ್ದು ಆನೆ ಮೊದಲ ಸಾಲು ಬಿಟ್ಟು ಹೊರಟಿತೆಂದರೆ ಅಪಾಯ. ಆಟ ಶಾಂತವಾಗಿರುವಾಗಲೇ ಎಚ್3 ಆಡಿ ರಾಜನಿಗೆ ಒಂದು ಕಿಟಕಿ ತೆರೆದಿಟ್ಟುಬಿಡಿ. ಆ ಒಂದು ನಡೆ ಕೊನೆಯಲ್ಲಿ ಹತ್ತು ಸಲ ಯೋಚಿಸುವುದನ್ನು ಉಳಿಸುತ್ತದೆ.

ಕ್ಲೇಮ್ ಮಾಡುವುದು

ಎದುರಾಳಿ ಚೆಕ್ ಗಮನಿಸದೆ ಬೇರೆ ನಡೆ ಆಡಿ ಕ್ಲಾಕ್ ಒತ್ತಿದರೆ ಅವರ ರಾಜನನ್ನು ಹೊಡೆಯಬೇಡಿ. ಗಲ್ಲಿಯ ಆಟದ ಪದ್ಧತಿ ಅದು, ಟೂರ್ನಿಯಲ್ಲಿ ನಡೆಯದು. ಏನೂ ಆಡದೆ ಕ್ಲಾಕ್ ನಿಲ್ಲಿಸಿ ಕೈ ಎತ್ತಿ. ಪ್ರತಿ ಬೋರ್ಡಿಗೂ ಅರ್ಬಿಟರ್ ಇಲ್ಲದ ಟೂರ್ನಿಯಲ್ಲಿ ನಿಮ್ಮ ಮುಂದಿನ ನಡೆ ಆಡಿಬಿಟ್ಟರೆ ಹಕ್ಕು ಹೋಯಿತು. ಹಳೆಯ ಸ್ಥಿತಿಗೆ ತಂದ ಮೇಲೂ ಮುಟ್ಟಿದ ಕಾಯಿಯನ್ನೇ ಆಡಬೇಕೆಂಬ ನಿಯಮ ಎದುರಾಳಿಗೆ ಅನ್ವಯಿಸುತ್ತದೆ. ಆ ಕಾಯಿಯಿಂದ ಚೆಕ್ ತಪ್ಪಿಸಲು ಸಾಧ್ಯವಿದ್ದರೆ ಅದನ್ನೇ ಆಡಿಸಿ.

2017ರ ಡಿಸೆಂಬರಿನಲ್ಲಿ ರಿಯಾದ್‌ನ ವಿಶ್ವ ಬ್ಲಿಟ್ಜ್‌ನಲ್ಲಿ ಇದೇ ಗೊಂದಲವಾಯಿತು. ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಆನೆಯಿಂದ ಚೆಕ್ ಕೊಟ್ಟರು. ಅರ್ನೆಸ್ಟೊ ಇನಾರ್ಕಿಯೆವ್ ಅದನ್ನು ತಪ್ಪಿಸದೆ ಕುದುರೆಯಿಂದ ಎದುರು ಚೆಕ್ ಕೊಟ್ಟರು. ಕಾರ್ಲ್‌ಸನ್ ತಡೆದು ಕ್ಲೇಮ್ ಮಾಡುವ ಬದಲು ರಾಜನನ್ನು ಸರಿಸಿದರು. ಕೂಡಲೇ ಇನಾರ್ಕಿಯೆವ್ ಕ್ಲಾಕ್ ನಿಲ್ಲಿಸಿ, ಕಾರ್ಲ್‌ಸನ್ ಆಡಿದ್ದೇ ಇಲ್ಲೀಗಲ್ ಎಂದು ವಾದಿಸಿದರು. ಮೊದಲು ಅವರ ಕಡೆ ಬಂದ ತೀರ್ಪು ಬದಲಾಗಿ, ಆಟ ಮುಂದುವರಿಸಿ ಎಂದಾಗ ಅವರು ಒಪ್ಪಲಿಲ್ಲ. ಗೆಲುವು ಕಾರ್ಲ್‌ಸನ್‌ಗೆ ಹೋಯಿತು. ಇಬ್ಬರಿಗೂ ಅರ್ಧ ಸೆಕೆಂಡ್ ತಲೆ ಎತ್ತಿ ನೋಡುವ ವ್ಯವಧಾನ ಇರಲಿಲ್ಲ, ಅವರೇ ಹಾಗೆಂದ ಮೇಲೆ ನಮ್ಮ ಪಾಡೇನು.

ಎದುರಾಳಿಯ ಫ್ಲ್ಯಾಗ್ ಬಿದ್ದರೆ ಕ್ಲಾಕ್ ನಿಲ್ಲಿಸಿ ಅರ್ಬಿಟರಿಗೆ ತೋರಿಸಿ. ನೀವು ಯಾವ ನಡೆಗಳಿಂದಲೂ ಮೇಟ್ ಕೊಡಲಾಗದ ಸ್ಥಿತಿಯಿದ್ದರೆ, ಉದಾಹರಣೆಗೆ ನಿಮ್ಮ ಬಳಿ ಬರೀ ರಾಜ ಉಳಿದಿದ್ದರೆ, ಅದು ಡ್ರಾ. ಡ್ರಾ ಕೇಳುವುದಾದರೆ ನಿಮ್ಮ ನಡೆ ಆಡಿ, ಕೇಳಿ, ಆಮೇಲೆ ಕ್ಲಾಕ್ ಒತ್ತಿ. ‘ಡ್ರಾ ಮಾಡ್ಕೊಳ್ಳೋಣ್ವಾ ಅಣ್ಣ’ ಎಂದು ನಡೆಗೊಮ್ಮೆ ಕೇಳುವುದು ಕಿರುಕುಳ. ನಿಮಗೆ ಹಾಗೆ ಯಾರಾದರೂ ಮಾಡಿದರೆ ಉತ್ತರ ಕೊಡುತ್ತ ಕೂರದೆ ಅರ್ಬಿಟರನ್ನು ಕರೆಯಿರಿ. ಕಾಯಿ ಉರುಳಿಸಿದವರು ತಮ್ಮದೇ ಸಮಯದಲ್ಲಿ ಎತ್ತಿ ನಿಲ್ಲಿಸಬೇಕು.

ಗೆದ್ದ ಆಟ ಮುಗಿಸುವುದು

ರಾಣಿ ಮತ್ತು ರಾಜ, ಎದುರಿಗೆ ಒಂಟಿ ರಾಜ, ಕ್ಲಾಕಿನಲ್ಲಿ 6 ಸೆಕೆಂಡ್. ಎಲ್ಲರಿಗೂ ಗೊತ್ತಿರುವ ಉಪಾಯ, ಎದುರಾಳಿ ರಾಜನಿಂದ ಕುದುರೆ ನಡೆಯಷ್ಟು ದೂರದಲ್ಲಿ ರಾಣಿ ಇಟ್ಟು ಅವನನ್ನೇ ಹಿಂಬಾಲಿಸುವುದು. ಅವನು ಅಂಚಿಗೆ ಹೋಗುವವರೆಗೆ ಇದು ಸರಿ. ಮೂಲೆಗೆ ಹೊಕ್ಕಾಗಲೂ ಹಿಂಬಾಲಿಸಿದಿರೋ, ಕೆಟ್ಟಿರಿ: ಕಪ್ಪು ರಾಜ ಎ8ರಲ್ಲಿದ್ದಾಗ ರಾಣಿಯನ್ನು ಬಿ6 ಅಥವಾ ಸಿ7ರಲ್ಲಿಟ್ಟರೆ ಅವನಿಗೆ ಚೆಕ್ಕೂ ಇಲ್ಲ, ಆಡಲು ನಡೆಯೂ ಇಲ್ಲ, ಆಟ ಡ್ರಾ: ಸ್ಟೇಲ್‌ಮೇಟ್. ಬದಲಿಗೆ ರಾಣಿಯನ್ನು ಡಿ7ರಲ್ಲಿ ನಿಲ್ಲಿಸಿ. ಅವನು ಎ8, ಬಿ8 ನಡುವೆ ಓಡಾಡುತ್ತಿರಲಿ; ನಿಮ್ಮ ರಾಜನನ್ನು ಬಿ6ಕ್ಕೆ ನಡೆಸಿ ತಂದು ಮೇಟ್ ಕೊಡಿ. 2 ಸೆಕೆಂಡ್ ಇನ್‌ಕ್ರಿಮೆಂಟ್ ಇದ್ದರೆ ಇದಕ್ಕೆ ಧಾರಾಳ ಸಮಯ. ಯೋಚನೆಯಿಲ್ಲದೆ ಕೈ ಮಾಡುವಷ್ಟು ಅಭ್ಯಾಸ ಇರಬೇಕು, ಅಷ್ಟೇ.

ಮುಂದಿದ್ದಾಗ ಸುಂದರವಾದ ನಡೆ ಹುಡುಕಬೇಡಿ. ರಾಣಿ ಬದಲಾಯಿಸಿ, ಎದುರಾಳಿಗೆ ಚೆಕ್ ಕೊಡುವ ದಾರಿ ಮುಚ್ಚಿ. ಹಿಂದಿದ್ದಾಗ ಉಲ್ಟಾ: ರಾಣಿ ಉಳಿಸಿಕೊಂಡು ಬೋರ್ಡನ್ನು ಗೋಜಲು ಮಾಡಿ.

ರೌಂಡುಗಳ ನಡುವೆ

ಸಮಾನ ಅಂಕದವರನ್ನು ಎದುರುಬದುರು ಕೂರಿಸುವ ಸ್ವಿಸ್ ಪದ್ಧತಿಯಲ್ಲಿ ಮೊದಲ ರೌಂಡ್ ರೇಟಿಂಗ್ ಪಟ್ಟಿಯ ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಮೈಸೂರಿನವರು. ಬಲವಾದ ಆಟಗಾರರಿಗೆ ಇಲ್ಲಿ ಬರವಿಲ್ಲ. ರೇಟಿಂಗ್ ಇಲ್ಲದವರಿಗೆ ಮೊದಲ ಆಟವೇ ಕಠಿಣವಾಗುವುದು ಸಹಜ, ಅದರಲ್ಲಿ ಸೋತರೆ ದಿನ ಕೆಟ್ಟಿತು ಎಂದುಕೊಳ್ಳಬೇಡಿ. ಮುಂದಿನ ಪೇರಿಂಗ್ ತಾನಾಗಿ ಹಗುರಾಗುತ್ತದೆ.

ತಪ್ಪಾದ ಮೇಲಿನ ನಡೆಯೇ ಅಪಾಯದ್ದು. ಕುದುರೆ ಹೋಯಿತೆಂದು ಗೊತ್ತಾದ ಕೂಡಲೇ ಸೇಡಿಗೆ ನುಗ್ಗುವುದು ಮನುಷ್ಯ ಸ್ವಭಾವ. ಆಗ ಬೇಕೆಂದೇ 5 ಸೆಕೆಂಡ್ ಖರ್ಚು ಮಾಡಿ: ಬೆನ್ನು ಕುರ್ಚಿಗೆ ತಾಗಿಸಿ, ಒಮ್ಮೆ ಉಸಿರು ಬಿಟ್ಟು, ಬೋರ್ಡನ್ನು ಹೊಸದಾಗಿ ಬಂದವರಂತೆ ನೋಡಿ.

ಆಟದ ಹಾಲಿನ ಬಾಗಿಲಲ್ಲಿ ನಿಂತು ‘ಗೆದ್ದಿದ್ದ ಆಟ ಯಾಕೋ ಬಿಟ್ಟೆ?’ ಎನ್ನುವ ಅಪ್ಪಂದಿರು ಆ ಪ್ರಶ್ನೆಯನ್ನು ಸಂಜೆಗೆ ಇಟ್ಟುಕೊಳ್ಳಲಿ. ಮುಂದಿನ ರೌಂಡಿಗೆ ಹತ್ತು ನಿಮಿಷವೂ ಇರುವುದಿಲ್ಲ. ಆ ಹೊತ್ತಿಗೆ ನೀರು, ಬಾಳೆಹಣ್ಣು, ಎರಡು ಸುತ್ತು ನಡಿಗೆ ಸಾಕು. ಸೋತ ಆಟವನ್ನು ಫೋನಿನ ಎಂಜಿನ್‌ಗೆ ಹಾಕಿ ನೋಡಬೇಡಿ. ಫೋನ್ ಆಫ್ ಆಗಿ ಹೊರಗಿದ್ದರೆ ಒಳ್ಳೆಯದು, ಹಾಲಿನೊಳಗೆ ಅದು ರಿಂಗ್ ಆದರೆ ಆಟ ಕಳೆದುಕೊಳ್ಳಬೇಕಾಗುತ್ತದೆ. ಮಧ್ಯಾಹ್ನ ಎರಡು ಮುದ್ದೆ, ಬಸ್ಸಾರು ಹೊಡೆದು ಕೂತರೆ ಊಟದ ನಂತರದ ಎರಡು ರೌಂಡ್ ನಿದ್ದೆಗಣ್ಣಲ್ಲೇ ಹೋಗುತ್ತವೆ. ಇಡ್ಲಿ, ಮೊಸರನ್ನದಲ್ಲಿ ಮುಗಿಸಿ, ಮುದ್ದೆ ರಾತ್ರಿಗಿರಲಿ.

ಆಟ ಶುರುವಾಗುವ ಮುನ್ನ ಕಾಯಿ ಸರಿಯಾಗಿ ಜೋಡಿಸಿದೆಯೇ, ಕ್ಲಾಕಿನ ಎರಡೂ ಕಡೆ 3:00 ಇದೆಯೇ ನೋಡಿ; ಮೊದಲ ನಡೆಗೇ ಎರಡು ಸೆಕೆಂಡ್ ಸೇರಿತೇ ಗಮನಿಸಿ. ಇಬ್ಬರೂ ಹತ್ತು ನಡೆ ಆಡಿದ ಮೇಲೆ ರಾಜ, ರಾಣಿ ಅದಲುಬದಲಾಗಿದ್ದವೆಂದು ದೂರಿದರೆ ಯಾರೂ ಕೇಳುವುದಿಲ್ಲ.

ಅಭ್ಯಾಸ

ಟೂರ್ನಿಗೆ ಎರಡು ವಾರ ಇದೆ ಎಂದರೆ 1+0 ಬುಲೆಟ್ (ಒಂದೇ ನಿಮಿಷದ ಆಟ) ನಿಲ್ಲಿಸಿ. ವಾರಕ್ಕೆ ಮೂರು ಸಂಜೆ ಗೆಳೆಯರ ಜೊತೆ ನಿಜವಾದ ಬೋರ್ಡು, ಕ್ಲಾಕಿನಲ್ಲಿ 3+2, ಒಂದು ಸಂಜೆಗೆ ಆರು ಆಟ ಮೀರದಂತೆ. ಉಳಿದ ದಿನ ಒಂದು, ಎರಡು ನಡೆಯ ಮೇಟ್ ಪಜಲ್‌ಗಳು, ತಲಾ 5 ಸೆಕೆಂಡಿನಲ್ಲಿ ಕಂಡರೆ ಕಂಡಿತು, ಇಲ್ಲದಿದ್ದರೆ ಮುಂದಕ್ಕೆ. ಆನ್‌ಲೈನ್ ಆಡುವುದೇ ಆದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೀ-ಮೂವ್ ಆಫ್ ಮಾಡಿ. ಆನ್‌ಲೈನ್ ಚೆಸ್ ತಾಣ ಲಿಚೆಸ್‌ನಲ್ಲಿ ಆಟ ಮುಗಿದ ಮೇಲೆ ಪ್ರತಿ ನಡೆಗೆ ಎಷ್ಟು ಸಮಯ ಹೋಯಿತೆಂಬ ಗ್ರಾಫ್ ಉಚಿತವಾಗಿ ಸಿಗುತ್ತದೆ. ಅದರಿಂದ ಮೂರೇ ಸಂಗತಿ ಪುಸ್ತಕಕ್ಕೆ ಬರೆದುಕೊಳ್ಳಿ: 20 ಸೆಕೆಂಡ್ ದಾಟಿದ ನಡೆ ಯಾವುದು, 30 ಸೆಕೆಂಡಿನ ಕೆಳಗೆ ಇಳಿದದ್ದು ಎಷ್ಟನೇ ನಡೆಯಲ್ಲಿ, ಮೊದಲ ದೊಡ್ಡ ತಪ್ಪು ಎಲ್ಲಿ. ಹತ್ತು ಆಟದ ಪಟ್ಟಿ ಆದಾಗ ಮೂರರಲ್ಲಿ ಯಾವ ಕಾಲಂ ಕೆಟ್ಟಿದೆ ಎಂದು ಕಾಣುತ್ತದೆ. ಮೊದಲನೆಯದಾದರೆ ಓಪನಿಂಗ್ ಸರಳ ಮಾಡಿಕೊಳ್ಳಿ, ಎರಡನೆಯದಾದರೆ ಮೇಲಿನ 2:50, 2:00, 1:20ನ್ನು ಕ್ಲಾಕಿನ ಪಕ್ಕ ಬರೆದಿಟ್ಟು ಆಡಿ, ಮೂರನೆಯದಾದರೆ ಪಜಲ್ ಹೆಚ್ಚಿಸಿ.