ಪೊಟೊಮ್ಯಾಕ್ ನದಿಯ ಈಚೆಗೆ ಮಾತ್ರ ನಡೆಯುವ ಪರವಾನಗಿ

ಉತ್ತರ ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ ನನ್ನದೊಂದು ದಿನಸಿ ಅಂಗಡಿ ಇದೆ. ರಾತ್ರಿ ಬಾಗಿಲು ಹಾಕಿದ ಮೇಲೆ ದಿನದ ನಗದನ್ನು ಚೀಲಕ್ಕೆ ತುಂಬಿಕೊಂಡು ಹಿಂಬಾಗಿಲಿನಿಂದ ಕಾರಿಗೆ, ಕಾರಿನಿಂದ ಬ್ಯಾಂಕಿನ ಠೇವಣಿ ಪೆಟ್ಟಿಗೆಗೆ ಒಯ್ಯುವವನು ನಾನೇ. ಪಕ್ಕದ ಮಳಿಗೆಯವರನ್ನು ಅಂಥದೇ ಹೊತ್ತಿನಲ್ಲಿ ಅಡ್ಡಗಟ್ಟಿ ಚೀಲ ಕಿತ್ತುಕೊಂಡು ಹೋದ ಮೇಲೆ, ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿ ಇಟ್ಟುಕೊಂಡು ಓಡಾಡುವ ಪರವಾನಗಿಗೆ ಅರ್ಜಿ ಹಾಕಲು ನಿರ್ಧರಿಸಿದೆ. ನಮ್ಮವರಲ್ಲಿ ಅನೇಕರು ಇದರ ಬಗ್ಗೆ ಗುಟ್ಟಾಗಿ ವಿಚಾರಿಸುತ್ತಾರೆ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಒಮ್ಮೆ ಬರೆದಿಡುವುದು ಒಳ್ಳೆಯದು ಅನ್ನಿಸಿತು.

ಪರವಾನಗಿ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬುದು ಮೊದಲು ತಿಳಿಯಬೇಕು. ವರ್ಜೀನಿಯಾದಲ್ಲಿ ಸ್ವಂತ ಮನೆಯೊಳಗೆ, ಸ್ವಂತ ವ್ಯಾಪಾರದ ಜಾಗದೊಳಗೆ ಪಿಸ್ತೂಲನ್ನು ಅಂಗಿಯ ಅಡಿಯಲ್ಲಿ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. ಸ್ವಂತ ಕಾರಿನ ಮುಚ್ಚಿದ ಖಾನೆಯಲ್ಲಿ ಇಡುವುದಕ್ಕೂ ಬೇಕಿಲ್ಲ. ಎಲ್ಲರಿಗೂ ಕಾಣುವಂತೆ ಸೊಂಟದಲ್ಲಿ ಕಟ್ಟಿಕೊಂಡು ನಡೆಯುವುದು ಕೂಡ ಸಾಮಾನ್ಯವಾಗಿ ಅಪರಾಧವಲ್ಲ. ಆದರೆ ಜನವರಿಯ ಚಳಿಗೆ ಅದರ ಮೇಲೊಂದು ಕೋಟು ಹಾಕಿಕೊಂಡರೆ ಅದೇ ಪಿಸ್ತೂಲು ಮರೆಯಲ್ಲಿಟ್ಟ ಆಯುಧವಾಗುತ್ತದೆ. ಪರವಾನಗಿ ಇಲ್ಲದಿದ್ದರೆ ಜೈಲು ಶಿಕ್ಷೆಯಾಗಬಹುದು. ಅಂಗಡಿಯ ಬಾಗಿಲಿಗೂ ಕಾರಿನ ಬಾಗಿಲಿಗೂ ನಡುವೆ ಇರುವ ಹತ್ತಿಪ್ಪತ್ತು ಹೆಜ್ಜೆಗಾಗಿ ನಾನು ಈ ಇಡೀ ಪ್ರಕ್ರಿಯೆಗೆ ಕೈಹಾಕಿದೆ.

ವಯಸ್ಸು 21 ತುಂಬಿರಬೇಕು. ಪೌರತ್ವ ಇಲ್ಲದವರಾದರೆ ಕಾಯಂ ವಾಸದ ಗ್ರೀನ್ ಕಾರ್ಡ್ ಇರಲೇಬೇಕು. ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿ ಇರುವ ಗೆಳೆಯರಿಗೆ ಒತ್ತಿ ಹೇಳುತ್ತೇನೆ: ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ನಿಮ್ಮ ಮಟ್ಟಿಗೆ ಬಂದೂಕು ಹೊಂದುವುದೇ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನಿನ ಪ್ರಕಾರ ಅಪರಾಧ. ವರ್ಜೀನಿಯಾದಲ್ಲಿ ಗಾಂಜಾ 2021ರಿಂದ ವಯಸ್ಕರಿಗೆ ಕಾನೂನುಬದ್ಧವಾಗಿದೆ, ಆದರೆ ಫೆಡರಲ್ ಕಾನೂನು ಒಪ್ಪುವುದಿಲ್ಲ. ಅದನ್ನು ಸೇದುವವರು ಬಂದೂಕಿನ ಆಸೆ ಬಿಡಬೇಕು. ಇತ್ತೀಚಿನ ವರ್ಷಗಳಲ್ಲಿ ಕುಡಿದು ಗಾಡಿ ಓಡಿಸಿ ಶಿಕ್ಷೆ ಅನುಭವಿಸಿದವರಿಗೂ, ಇನ್ನೊಬ್ಬರನ್ನು ಕಾಪಾಡಲೆಂದು ನ್ಯಾಯಾಲಯ ಹೊರಡಿಸುವ ರಕ್ಷಣಾ ಆದೇಶಕ್ಕೆ ಒಳಗಾದವರಿಗೂ ಬಾಗಿಲು ಮುಚ್ಚಿರುತ್ತದೆ.

ನನ್ನ ಊರು ಮಲೆನಾಡಿನಲ್ಲಿದೆ. ಅಪ್ಪನ ಬಳಿ ಬೆಳೆ ರಕ್ಷಣೆಗೆಂದು ಪಡೆದ ಒಂದು ಕೇಪಿನ ಕೋವಿ ಇತ್ತು. ಅದರ ಲೈಸೆನ್ಸು ಕೊಡುವುದು ಬಿಡುವುದು ಜಿಲ್ಲಾಧಿಕಾರಿಗಳ ವಿವೇಚನೆ, ಅದಕ್ಕೂ ಮುಂಚೆ ಪೊಲೀಸ್ ವರದಿ. ಚುನಾವಣೆ ಘೋಷಣೆಯಾಯಿತೆಂದರೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟು, ಫಲಿತಾಂಶ ಬಂದ ಮೇಲೆ ಬಿಡಿಸಿಕೊಂಡು ಬರಬೇಕಿತ್ತು. ವರ್ಜೀನಿಯಾದ ಲೆಕ್ಕ ಬೇರೆ. ಇಲ್ಲಿ 1995ರಿಂದ, ಕಾನೂನು ಹೇಳಿದ ಅನರ್ಹತೆ ಯಾವುದೂ ಇಲ್ಲದವರಿಗೆ ನ್ಯಾಯಾಲಯ ಪರವಾನಗಿ ಕೊಡಲೇಬೇಕು. ಏಕೆ ಬೇಕು ಎಂದು ಅರ್ಜಿಯಲ್ಲಿ ಯಾರೂ ಕೇಳುವುದಿಲ್ಲ. ಹಾಗೆ ಕೇಳದೆ ಕೊಡುವುದರಿಂದಲೇ ಹೊಣೆಯೆಲ್ಲ ಅರ್ಜಿದಾರನ ತಲೆಯ ಮೇಲೆ ಬೀಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಅರ್ಜಿಗಿಂತ ಮೊದಲು ತರಬೇತಿ. 2021ರ ಜನವರಿಯಿಂದ ಆನ್‌ಲೈನ್ ತರಗತಿಯ ಪ್ರಮಾಣಪತ್ರ ನಡೆಯುವುದಿಲ್ಲ, ಖುದ್ದಾಗಿ ಹೋಗಿ ಕಲಿಯಬೇಕು. ನನಗೆ ಕಲಿಸಿದವರು ನಿವೃತ್ತ ಪೊಲೀಸ್ ಅಧಿಕಾರಿ. ತರಗತಿಯ ಮೊದಲ ಭಾಗದಲ್ಲಿ ಅವರು ಗುಂಡನ್ನೇ ಮುಟ್ಟಲು ಬಿಡಲಿಲ್ಲ. ಗುಂಡು ತುಂಬುವ ಮ್ಯಾಗಜೀನ್ ಕೆಳಗಿಳಿಸು, ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಎಳೆ, ನಳಿಕೆಯ ಬುಡವನ್ನು ಕಣ್ಣಿನಿಂದ ನೋಡು, ಆಮೇಲೆ ಕಿರುಬೆರಳು ಹಾಕಿ ತಡವಿ ನೋಡು. ಕಣ್ಣು ಮೋಸ ಹೋದರೂ ಬೆರಳು ಹೋಗಬಾರದು ಎಂಬುದು ಅವರ ಪಾಠ. ತಿರುಗಿಸಿ ತಿರುಗಿಸಿ ಇದೇ. ಮ್ಯಾಗಜೀನ್ ಇಳಿಸಿದ ಮೇಲೂ ಒಂದು ಗುಂಡು ನಳಿಕೆಯಲ್ಲಿ ಉಳಿದಿರಬಹುದು ಎಂಬುದನ್ನು ಮರೆತವರೇ ಮನೆಯಲ್ಲಿ ಅನಾಹುತ ಮಾಡಿಕೊಳ್ಳುವುದು. ಅಪ್ಪ ಬೇಲಿ ದಾಟುವ ಮೊದಲು ಕೋವಿಯ ಕೇಪು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆ ಶಿಸ್ತನ್ನು ನೋಡಿ ಬೆಳೆದವನಾದ್ದರಿಂದ ಈ ಪಾಠ ನನಗೆ ಬೇಗ ಹಿಡಿಸಿತು. ಗುರಿ ಹೊಡೆಯುವುದು ಮಾತ್ರ ಸುಲಭವಾಗಿರಲಿಲ್ಲ. ಒಂಬತ್ತು ಎಂಎಂ ಪಿಸ್ತೂಲು ಚಿಕ್ಕದಾದಷ್ಟೂ ಕೈಯಲ್ಲಿ ಹೆಚ್ಚು ಜಿಗಿಯುತ್ತದೆ. ಮರೆಯಲ್ಲಿಡಲು ಅನುಕೂಲವೆಂದು ತೀರ ಪುಟ್ಟದನ್ನು ಕೊಳ್ಳುವವರು ಮೊದಲು ಅದನ್ನು ಬಾಡಿಗೆಗೆ ಪಡೆದು ಹೊಡೆದು ನೋಡಲಿ.

ಅರ್ಜಿಯ ನಮೂನೆಗೆ ಎಸ್‌ಪಿ-248 ಎಂದು ಹೆಸರು. ಪ್ರಶ್ನೆಗಳಲ್ಲಿ ಹೆಚ್ಚಿನವು ಹೌದು ಅಥವಾ ಇಲ್ಲ ಎಂಬ ಉತ್ತರದವು. ಅರ್ಜಿಗೆ ಪ್ರಮಾಣ ಮಾಡಿ ಸಹಿ ಹಾಕಬೇಕು. ಗೊತ್ತಿದ್ದೂ ಸುಳ್ಳು ಬರೆದರೆ ಅದು ಸುಳ್ಳು ಸಾಕ್ಷ್ಯದ ಅಪರಾಧ. ನಮ್ಮ ಕಡೆಯವರಿಗೆ ತೊಡಕಾಗುವುದು ಹೆಸರು. ಊರಿನ ಹೆಸರು, ತಂದೆಯ ಹೆಸರು, ಇನಿಷಿಯಲ್ಲು ಎಲ್ಲ ಸೇರಿ ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ಚಾಲನಾ ಪರವಾನಗಿಯಲ್ಲಿ ಮತ್ತೊಂದು ರೀತಿ ಬಂದಿರುತ್ತದೆ. ಪೊಲೀಸರು ಹಿನ್ನೆಲೆ ಪರಿಶೀಲಿಸುವುದು ಹೆಸರು ಮತ್ತು ಜನ್ಮದಿನಾಂಕ ಹಿಡಿದು. ಆದ್ದರಿಂದ ಅರ್ಜಿ ಬರೆಯುವ ಮೊದಲೇ ಗ್ರೀನ್ ಕಾರ್ಡ್, ಚಾಲನಾ ಪರವಾನಗಿ ಮತ್ತು ತರಬೇತಿಯ ಪ್ರಮಾಣಪತ್ರ ಮೂರರಲ್ಲೂ ಒಂದೇ ಅಕ್ಷರಜೋಡಣೆ ಇರುವಂತೆ ನೋಡಿಕೊಂಡೆ. ತರಬೇತಿ ಕೊಟ್ಟವರು ನನ್ನ ಹೆಸರನ್ನು ಮೊಟಕು ಮಾಡಿ ಬರೆದಿದ್ದರು. ಹೇಳಿದಾಗ ಅಲ್ಲೇ ತಿದ್ದಿಕೊಟ್ಟರು.

ಅರ್ಜಿ ಕೊಡಬೇಕಾದದ್ದು ಪೊಲೀಸ್ ಠಾಣೆಗಲ್ಲ, ನೀವು ವಾಸಿಸುವ ಕೌಂಟಿಯ ಸರ್ಕಿಟ್ ಕೋರ್ಟಿನ ಕ್ಲರ್ಕ್ ಕಚೇರಿಗೆ. ನಮ್ಮ ಕೌಂಟಿಗೆ ಅದು ಲೀಸ್‌ಬರ್ಗ್‌ನಲ್ಲಿದೆ. ಎಲ್ಲ ಸೇರಿ ಶುಲ್ಕ 50 ಡಾಲರ್ ಮೀರುವಂತಿಲ್ಲ. ಕಿಟಕಿಯ ಆಚೆಗಿದ್ದ ಮಹಿಳೆ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು, ಸಹಿ ಪಡೆದರು, ಮೊಹರು ಒತ್ತಿದರು. ಕೆಲಸ ಮುಗಿಯಿತು.

ಆಮೇಲೆ ಕಾಯುವುದು. ಪೂರ್ಣ ಅರ್ಜಿ ಕೈಸೇರಿದ 45 ದಿನಗಳೊಳಗೆ ನ್ಯಾಯಾಲಯ ಪರವಾನಗಿ ಕೊಡಬೇಕು, ಇಲ್ಲವೇ ಅನರ್ಹತೆಯ ಕಾರಣ ತಿಳಿಸಬೇಕು. ಎರಡೂ ಆಗದೆ ಗಡುವು ದಾಟಿದರೆ ಕ್ಲರ್ಕ್ ಅರ್ಜಿಯ ಮೇಲೆಯೇ ಗಡುವು ಮುಗಿದಿದೆ ಎಂದು ದೃಢೀಕರಿಸಿ ಪ್ರತಿ ಕಳಿಸಬೇಕು. ಆ ಪ್ರತಿಯೇ 90 ದಿನಗಳ ಕಾಲ ಪರವಾನಗಿಯಂತೆ ನಡೆಯುತ್ತದೆ. ಇದು ತಿಳಿಯದೆ ಕ್ಲರ್ಕ್ ಕಚೇರಿಗೆ ಪದೇ ಪದೇ ಫೋನ್ ಮಾಡಿ ಪೀಡಿಸುವವರಿದ್ದಾರೆ. ಬೇಡ. ಆ ಸಮಯವನ್ನು ಬೇರೆ ರೀತಿಯಲ್ಲಿ ಬಳಸಿಕೊಳ್ಳಿ. ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಬೆಲೆಬಾಳುವ ಭಾಗ ಈ ಕಾಯುವಿಕೆಯೇ.

ಪ್ರತಿ ರಾತ್ರಿ ಊಟವಾದ ಮೇಲೆ ವರ್ಜೀನಿಯಾ ಕಾನೂನು ಸಂಹಿತೆಯಲ್ಲಿ ಅಪರಾಧಗಳ ಕುರಿತಾದ 18.2ನೇ ವಿಭಾಗವನ್ನು ಓದುತ್ತಾ ಕೂತೆ. ಜೊತೆಗೆ ನನ್ನ ವಾರದ ಓಡಾಟವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಒಂದೊಂದು ಜಾಗದ ಎದುರಿಗೂ ಪಿಸ್ತೂಲು ಬರಬಹುದೇ ಎಂದು ಗುರುತು ಹಾಕಿದೆ. ಮಗಳನ್ನು ಶಾಲೆಗೆ ಬಿಡುವಾಗ ಪರವಾನಗಿ ಇರುವವನು ಕಾರಿನೊಳಗೇ ಕುಳಿತಿದ್ದರೆ ಪರವಾಗಿಲ್ಲ, ಇಳಿದು ಅಂಗಳಕ್ಕೆ ಕಾಲಿಟ್ಟರೆ ಅಪರಾಧ. ಭಾನುವಾರದ ಕನ್ನಡ ತರಗತಿ ನಡೆಯುವುದೂ ಬಾಡಿಗೆಗೆ ಪಡೆದ ಶಾಲೆಯ ಕಟ್ಟಡದಲ್ಲಿ. ಆದ್ದರಿಂದ ಭಾನುವಾರ ಪಿಸ್ತೂಲು ಮನೆಯಲ್ಲೇ. ಅಮ್ಮನನ್ನು ಕರೆತರಲು ಡಲಸ್ ವಿಮಾನ ನಿಲ್ದಾಣಕ್ಕೆ ಹೋದರೆ ಟರ್ಮಿನಲ್ ಒಳಗೆ ಒಯ್ಯುವಂತಿಲ್ಲ, ಪರವಾನಗಿ ಇದ್ದರೂ ಅಷ್ಟೇ. ಅಂಚೆ ಕಚೇರಿಗೂ ಇಲ್ಲ. ಮದ್ಯ ಬಡಿಸುವ ಹೋಟೆಲಿಗೆ ಮರೆಯಲ್ಲಿಟ್ಟುಕೊಂಡು ಹೋಗಲು 2010ರಿಂದ ಅವಕಾಶವಿದೆ, ಆದರೆ ಹೋದವನು ಒಂದು ಗುಟುಕೂ ಕುಡಿಯುವಂತಿಲ್ಲ. ದೇವಸ್ಥಾನಕ್ಕೆ, ಕಾನೂನು ಏನೇ ಹೇಳಲಿ, ನಾನು ಒಯ್ಯುವುದಿಲ್ಲ.

ಹಾಳೆಯಲ್ಲಿ ಕೆಂಪು ಗೆರೆ ಎಳೆದದ್ದು ಪೊಟೊಮ್ಯಾಕ್ ನದಿಯ ಮೇಲೆ. ವರ್ಜೀನಿಯಾದ ಪರವಾನಗಿಯನ್ನು ನದಿಯಾಚೆಯ ಮೇರಿಲ್ಯಾಂಡ್ ಮಾನ್ಯ ಮಾಡುವುದಿಲ್ಲ, ವಾಷಿಂಗ್ಟನ್ ಡಿಸಿ ಸಹ ಇಲ್ಲ. ತರಕಾರಿಗೆ ನಾನು ಹೋಗುವುದು ಮೇರಿಲ್ಯಾಂಡಿನ ಜೆಸಪ್‌ನಲ್ಲಿರುವ ಸಗಟು ಮಾರುಕಟ್ಟೆಗೆ. ಸೇತುವೆಯ ಈ ತುದಿಯಲ್ಲಿ ಕಾನೂನು ಪಾಲಿಸುತ್ತಿರುವವನು ಆ ತುದಿಯಲ್ಲಿ ಅಪರಾಧಿ. ಪೌರತ್ವ ಇಲ್ಲದವನಿಗೆ ಅದು ದಂಡಕ್ಕೋ ಜೈಲಿಗೋ ಮುಗಿಯುವುದಿಲ್ಲ. ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವನನ್ನೂ ದೇಶದಿಂದ ಹೊರಹಾಕಬಹುದು. ಅಂಗಡಿ, ಮನೆ, ಮಗಳ ಶಾಲೆ ಎಲ್ಲವೂ ಒಂದು ಸೇತುವೆಯ ಮರೆವಿಗೆ ಹೋಗಬಹುದು. ಹಾಗಾಗಿ ಮಾರುಕಟ್ಟೆಗೆ ಹೋಗುವ ಹಿಂದಿನ ರಾತ್ರಿಯೇ ಪಿಸ್ತೂಲು ಮನೆಯ ಉಕ್ಕಿನ ಪೆಟ್ಟಿಗೆ ಸೇರಬೇಕು, ಕಾರಿನ ಕೀಲಿ ಆ ಪೆಟ್ಟಿಗೆಯ ಮೇಲೆಯೇ ಇರಬೇಕು ಎಂದು ನನ್ನ ಹೆಂಡತಿ ನಿಯಮ ಮಾಡಿದಳು. ಮೊದಲು ಪರವಾನಗಿಯ ಮಾತೇ ಬೇಡವೆಂದಿದ್ದವಳು ಅವಳು. ಹಾಳೆ ನೋಡಿದ ಮೇಲೆ, “ಇಷ್ಟೆಲ್ಲ ಬರೆದುಕೊಂಡಿದ್ದೀರಿ ಎಂದರೆ ಸರಿ, ಆದರೆ ಪೆಟ್ಟಿಗೆಯ ಸಂಖ್ಯೆ ನನಗೂ ಗೊತ್ತಿರಬೇಕು” ಎಂದಳು.

ಕಾಯುವ ದಿನಗಳಲ್ಲೇ ಖಾಲಿ ಪಿಸ್ತೂಲನ್ನು ಸೊಂಟದ ಒರೆಯಲ್ಲಿಟ್ಟುಕೊಂಡು ಅಂಗಡಿಯೊಳಗೆ ಅಭ್ಯಾಸ ಮಾಡಿದೆ. ಇಪ್ಪತ್ತು ಪೌಂಡಿನ ಅಕ್ಕಿ ಚೀಲ ಎತ್ತಲು ಬಗ್ಗಿದಾಗ ಅಂಗಿ ಬೆನ್ನಿನ ಕಡೆಗೆ ಏರಿ ಹಿಡಿ ಇಣುಕುತ್ತಿತ್ತು. ಒರೆಯನ್ನು ಸೊಂಟದ ಮುಂಬದಿಗೆ ಸರಿಸಿ, ಗಟ್ಟಿ ಬೆಲ್ಟ್ ಕೊಂಡ ಮೇಲೆ ಸರಿಹೋಯಿತು. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆಯನ್ನೇ ಕೊಳ್ಳಿ, ಮೆತ್ತನೆಯ ಬಟ್ಟೆಯ ಒರೆ ಬೇಡವೇ ಬೇಡ.

ಗಡುವಿಗೆ ಮೊದಲೇ ಅಂಚೆಯಲ್ಲಿ ಲಕೋಟೆ ಬಂತು. ಪರವಾನಗಿಯ ಆಯುಷ್ಯ ಐದು ವರ್ಷ. ಪಿಸ್ತೂಲು ಜೊತೆಗಿದ್ದಾಗಲೆಲ್ಲ ಇದೂ, ಭಾವಚಿತ್ರವಿರುವ ಸರ್ಕಾರಿ ಗುರುತಿನ ಚೀಟಿಯೂ ಜೊತೆಗಿರಬೇಕು, ಪೊಲೀಸರು ಕೇಳಿದರೆ ತೋರಿಸಬೇಕು. ರಸ್ತೆಯಲ್ಲಿ ಕಾರು ನಿಲ್ಲಿಸಿದರೆ ಕೇಳುವ ಮೊದಲೇ ತಿಳಿಸಬೇಕೆಂಬ ಕಡ್ಡಾಯ ವರ್ಜೀನಿಯಾದಲ್ಲಿ ಇಲ್ಲ. ಆದರೂ ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಮೊದಲು ಹೇಳಿಬಿಡಿ ಎಂದು ತರಬೇತಿ ಕೊಟ್ಟವರು ಹೇಳಿದ್ದರು. ಒಮ್ಮೆ ಹಾಗೆ ಹೇಳಿದ್ದೇನೆ. ಅಧಿಕಾರಿ ತಲೆಯಾಡಿಸಿ, ಅದನ್ನು ಮುಟ್ಟಬೇಡಿ ಎಂದಷ್ಟೇ ಹೇಳಿ, ಹಿಂದಿನ ದೀಪ ಕೆಟ್ಟಿದ್ದಕ್ಕೆ ಎಚ್ಚರಿಕೆ ಕೊಟ್ಟು ಕಳಿಸಿದರು.

ನವೀಕರಣಕ್ಕೆ ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಬಹುದು, ಅಂಚೆಯಲ್ಲೂ ಕಳಿಸಬಹುದು. ಹಳೆಯ ಪರವಾನಗಿಯೇ ಸಾಕು, ತರಬೇತಿಯ ಪ್ರಮಾಣಪತ್ರವನ್ನು ಮತ್ತೆ ಕೇಳುವುದಿಲ್ಲ. ಕೇಳದಿದ್ದರೂ ನಾನು ಅದೇ ನಿವೃತ್ತ ಅಧಿಕಾರಿಯ ತರಗತಿಗೆ ಮತ್ತೆ ಹೆಸರು ಕೊಟ್ಟಿದ್ದೇನೆ. ಈ ಬಾರಿ ಹೆಂಡತಿಯೂ ಬರುತ್ತಾಳೆ.