ಕೋಣೆ ಇದ್ದಷ್ಟು ರೆಕ್ಕೆ ಚಾಚು: ಮನೆಯಲ್ಲೇ ಬೈಪ್ಲೇನ್ ಕಟ್ಟಲು ಹೊರಡುವ ಮೊದಲು

ಮರ, ಅಂಟು, ಎಂಜಿನ್ ಎಲ್ಲ ಆಮೇಲೆ. ಮೊದಲು 11 ಅಡಿಯ ಒಂದು ಪಿವಿಸಿ ಪೈಪ್ ತನ್ನಿ. ಅದನ್ನು ಮನೆ ಬಾಗಿಲಿನಿಂದ ಹೊರಗೆ ತಂದು, ಮೆಟ್ಟಿಲಿನ ತಿರುವಿನಲ್ಲಿ ತಿರುಗಿಸಿ, ಗೇಟಿನವರೆಗೆ ಒಯ್ಯಿರಿ. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮೂರನೇ ಮಹಡಿಯಿಂದ ನಾನು ಹೀಗೆ ಇಳಿದಾಗ ವಾಚ್‌ಮನ್ "ನಲ್ಲಿ ಕೆಟ್ಟಿದೆಯಾ?" ಅಂದ. ವಿಮಾನ ಅನ್ನಲು ಬಾಯಿ ಬರಲಿಲ್ಲ. ಪೈಪ್ ದಾಟಿತಾ? ಈಗ ಅದಕ್ಕೆ ರೆಕ್ಕೆಯ ಅಗಲಕ್ಕೆಂದು ಮೂರೂವರೆ ಅಡಿಯ ರಟ್ಟು ಕಟ್ಟಿ ಮತ್ತೊಮ್ಮೆ ಇಳಿಸಿ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಅಂತಾರೆ. ಈ ಕೆಲಸದಲ್ಲಿ ಹೊಲಿಸಲೇಬೇಕು.

ಈ ಅಳತೆ ಬಂದದ್ದು ಫ್ಲೈ ಬೇಬಿಯಿಂದ. ಅಮೆರಿಕದ ಪೀಟ್ ಬೋವರ್ಸ್ ರೂಪಿಸಿದ, 1962ರಲ್ಲಿ ಸ್ಪರ್ಧೆ ಗೆದ್ದ ಮರದ ವಿಮಾನ ಅದು. ಒಂದೇ ಸೀಟು, ತೆರೆದ ಕಾಕ್‌ಪಿಟ್, 65ರಿಂದ 85 ಅಶ್ವಶಕ್ತಿಯ ಎಂಜಿನ್ ಸಾಕು. ಒಂಟಿ ರೆಕ್ಕೆಯಲ್ಲಿ ಇದರ ಹರವು 28 ಅಡಿ. ಜೋಡಿ ರೆಕ್ಕೆ ಹಾಕಿದರೆ, ಅಂದರೆ ಬೈಪ್ಲೇನ್ ಮಾಡಿದರೆ, 22 ಅಡಿಗೆ ಇಳಿಯುತ್ತದೆ. ಅಂದರೆ ಎಡಬಲದ ಒಂದೊಂದು ತುಂಡೂ 11 ಅಡಿಯೊಳಗೆ. ಮುಂಬೈ ಮನೆಗೆ ಬೈಪ್ಲೇನ್ ಒಗ್ಗುವುದು ಇದಕ್ಕೇ. ಮೇಲಿನ ರೆಕ್ಕೆ, ಕೆಳಗಿನ ರೆಕ್ಕೆ, ನಡುವೆ ಕಂಬ, ಅಡ್ಡಡ್ಡ ಬಿಗಿದ ತಂತಿ ಸೇರಿದರೆ ಅದೊಂದು ಸೇತುವೆ. 1896ರಲ್ಲಿ ಈ ಉಪಾಯವನ್ನು ಗ್ಲೈಡರಿಗೆ ತಂದ ಆಕ್ಟೇವ್ ಶನೂಟ್ ರೈಲು ಸೇತುವೆ ಕಟ್ಟುತ್ತಿದ್ದ ಎಂಜಿನಿಯರ್. ತಂತಿಗಳು ಗಾಳಿಗೆ ಅಡ್ಡ ಬಂದು ವೇಗ ತಿನ್ನುತ್ತವೆ, ನಿಜ. ತೆರೆದ ಕಾಕ್‌ಪಿಟ್‌ನಲ್ಲಿ ಕೂರುವವರಿಗೆ ಎಲ್ಲಿಗೆ ಅವಸರ?

ಯಾವ ನಕ್ಷೆ ಹಿಡಿದರೂ ಸರಿ, ಸುಮ್ನೆ ನೀವೇ ಒಂದನ್ನು ಗೀಚಬೇಡಿ. ಇನ್ನು, ರೆಕ್ಕೆ ಕೋಣೆಯಲ್ಲಿ ಆದೀತು, 18 ಅಡಿ ಉದ್ದದ ಒಡಲು ಮೆಟ್ಟಿಲು ಇಳಿಯುವುದಿಲ್ಲ. ಅದಕ್ಕೆ ನೆಲಮಹಡಿಯ ಗಾಲಾ, ಅಂದರೆ ವರ್ಕ್‌ಶಾಪ್ ಮಳಿಗೆ, ಬಾಡಿಗೆಗೆ ಹಿಡಿಯಿರಿ.

ಮರ ಕೊಯ್ಯುವ ಮೊದಲೇ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಗೆ ಬರೆಯಿರಿ. ಪೈಲಟ್ ಅಮೋಲ್ ಯಾದವ್ ಮುಂಬೈನ ಕಾಂದಿವಲಿಯ ತಾರಸಿಯಲ್ಲಿ ಆರು ಸೀಟಿನ ವಿಮಾನ ಕಟ್ಟಿ 2016ರಲ್ಲಿ ಪ್ರದರ್ಶನಕ್ಕಿಟ್ಟರು. ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಪರವಾನಗಿ 2019ರಲ್ಲಿ. ನಿಮ್ಮ ಲೆಕ್ಕದಲ್ಲೂ ಕಾಗದಕ್ಕೆ ವರ್ಷಗಳನ್ನೇ ಎತ್ತಿಡಿ.

ಸಾಮಾನಿನ ವಿಷಯದಲ್ಲಿ ಜಿಪುಣತನ ಬೇಡ. ಮುಂಬೈನ ಹಾರ್ಡ್‌ವೇರ್ ಪೇಟೆ ನಾಗದೇವಿ ಬೀದಿಯಲ್ಲಿ ಬೋಲ್ಟಿಗೆ ಬರವಿಲ್ಲ, ಆದರೆ ರೆಕ್ಕೆ ಹಿಡಿಯುವ ಬೋಲ್ಟಿಗೆ ವಿಮಾನ ದರ್ಜೆಯ ಪ್ರಮಾಣಪತ್ರ ಬೇಕು. ಸ್ಪಾರ್, ಅಂದರೆ ರೆಕ್ಕೆಯ ಬೆನ್ನುಮೂಳೆಗೆ, ಗಂಟಿಲ್ಲದ ಸ್ಪ್ರೂಸ್ ಮರ. ಅದರ ಎಳೆ 15 ಇಂಚು ಉದ್ದಕ್ಕೆ ಒಂದು ಇಂಚಿಗಿಂತ ಜಾಸ್ತಿ ಓರೆ ಇರಬಾರದು.

ನಮ್ಮೂರಲ್ಲಿ ನಿಜವಾದ ಶತ್ರು ಮಳೆಗಾಲ. ಅಂಟಿಸುವಾಗ ಮರದಲ್ಲಿ ತೇವ ಶೇಕಡಾ 8ರಿಂದ 12 ಇರಬೇಕು. ಜುಲೈಯಲ್ಲಿ ಕಿಟಕಿ ತೆರೆದಿಟ್ಟರೆ ಅದು 15 ದಾಟುತ್ತದೆ. ಉಬ್ಬಿದ ಮರವನ್ನು ಅಂಟಿಸಿದರೆ, ಡಿಸೆಂಬರಿನಲ್ಲಿ ಅದು ಕುಗ್ಗಿ ಅಂಟಿನ ಜೋಡಣೆಯನ್ನು ಎಳೆಯುತ್ತದೆ. ಒಂದು ತೇವಾಂಶ ಮೀಟರ್ ಕೊಳ್ಳಿ. ಅಂಟಿನ ಕೆಲಸವನ್ನು ನವೆಂಬರ್‌ನಿಂದ ಮೇ ನಡುವೆ ಮುಗಿಸಿ. ಮಳೆಯಲ್ಲಿ ಲೋಹದ ಪಟ್ಟಿ ಕೊರೆಯುತ್ತಾ, ಕಡತ ಬರೆಯುತ್ತಾ ಇರಿ.

ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬಿನಿಂದ, ಅಂದರೆ ರಿಬ್‌ನಿಂದ, ಶುರುಮಾಡಿ. ನಕ್ಷೆಯನ್ನು ಪ್ಲೈವುಡ್ ಹಲಗೆಗೆ ಅಂಟಿಸಿ, ಗೆರೆಯ ಸುತ್ತ ಮರದ ತುಂಡು ಹೊಡೆದರೆ ಅಚ್ಚು ಸಿದ್ಧ. ಅದೇ ಅಚ್ಚಿನಲ್ಲಿ ಹೋಳಿಗೆ ತಟ್ಟಿದ ಹಾಗೆ ಒಂದಾದ ಮೇಲೊಂದು ತೆಗೆಯಬಹುದು, ದಿನಕ್ಕೊಂದಾದರೂ ಸಾಕು. ಪ್ರತಿ ಸಲ ಕಲಸಿದ ಅಂಟಿನಿಂದ ಎರಡು ಚೂರು ಮರವನ್ನೂ ಜೋಡಿಸಿಟ್ಟು, ಒಣಗಿದ ಮೇಲೆ ಸುತ್ತಿಗೆಯಿಂದ ಒಡೆಯಿರಿ. ಮರ ಸೀಳಬೇಕು, ಅಂಟಿನ ಗೆರೆ ಬಿಡಬಾರದು. ಗೆರೆ ಬಿಟ್ಟರೆ ಅವತ್ತಿನ ರಿಬ್ಬನ್ನೂ ಎಸೆಯಿರಿ. ಬಟ್ಟೆ ಹೊದಿಸುವ ಮೊದಲು ಒಳಗಿನದೆಲ್ಲ ತಪಾಸಣೆ ಆಗಬೇಕು, ಹಾಗಾಗಿ ಪ್ರತಿ ಜೋಡಣೆಯ ಫೋಟೋ ಇಟ್ಟುಕೊಳ್ಳಿ.

ನನ್ನ ಮೊದಲ ರಿಬ್ ಆಗಿದ್ದು ಜುಲೈಯಲ್ಲೇ. ಗೆರೆ ನೀಟಾಗಿ ಬಿಟ್ಟಿತು. ಮನೆಯವಳು ಅದನ್ನು ಎಸೆಯಲು ಬಿಡಲಿಲ್ಲ, ಈಗ ಬಾಲ್ಕನಿಯಲ್ಲಿ ಅದರ ಮೇಲೆ ಟವಲ್ ಒಣಗುತ್ತದೆ.