ಪಾಸ್‌ವರ್ಡ್ ತಗೊಂಡ ಮೇಲೆ ಕಪ್ಪು ಪರದೆ: ಮಳೆಗಾಲದ ಒಂದು ರಿಮೋಟ್ ಡೆಸ್ಕ್‌ಟಾಪ್ ರಿಪೇರಿ

ಕುಮಟಾದ ಒಂದು ಲೆಕ್ಕಪತ್ರದ ಆಫೀಸಿನ ಕಂಪ್ಯೂಟರ್‌ಗಳನ್ನು ನಾನು ಶಿರಸಿಯಲ್ಲಿ ಕೂತು ನೋಡಿಕೊಳ್ಳುತ್ತೇನೆ. ಅಲ್ಲಿ ಲೆಕ್ಕ ಬರೆಯುವ ಅಕ್ಕನ ಮನೆ ಇರುವುದು ಶಿರಸಿ–ಯಲ್ಲಾಪುರ ರಸ್ತೆಯಿಂದ ಒಳಗಿನ ಹಳ್ಳಿಯಲ್ಲಿ. ಮಳೆಗಾಲದಲ್ಲಿ ದಿನಾ ದೇವಿಮನೆ ಘಟ್ಟ ಇಳಿದು ಹತ್ತುವುದು ಆಗುವ ಮಾತಲ್ಲ. ಹಾಗಾಗಿ ಜೂನ್ ಬಂತೆಂದರೆ ಅವರದ್ದು ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪ್‌ನಲ್ಲಿ ವೈರ್‌ಗಾರ್ಡ್ ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸಿನ ನೆಟ್‌ವರ್ಕ್‌ಗೆ ಹೋಗುವ ಗುಪ್ತ ದಾರಿ) ಆನ್ ಮಾಡುವುದು, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಆಫೀಸಿನ ಪಿಸಿ ತೆರೆಯುವುದು, ಟ್ಯಾಲಿಯಲ್ಲಿ ಎಂಟ್ರಿ ಹೊಡೆಯುವುದು.

ಮನೆಯ ಫೈಬರ್ ನೆಟ್‌ನಲ್ಲಿ ಇದೆಲ್ಲ ಸುಮ್ನೆ ನಡೆಯುತ್ತಿತ್ತು. ಒಂದು ದಿನ ಮರ ಬಿದ್ದು ಕೇಬಲ್ ಹರಿಯಿತು. ಮೆತ್ತಿನ (ಮಹಡಿಯ) ಕಿಟಕಿಯಲ್ಲಿ ಮೊಬೈಲ್ ಇಟ್ಟು ಹಾಟ್‌ಸ್ಪಾಟ್ ಹಾಕಿಕೊಂಡರು. ಆಮೇಲೆ ನನಗೆ ಫೋನು: "ತಮ್ಮಾ, ಪಾಸ್‌ವರ್ಡ್ ತಗೊಳ್ತದೆ, ಆಮೇಲೆ ಪೂರಾ ಕಪ್ಪು. ಸ್ವಲ್ಪ ಹೊತ್ತಿಗೆ ತಾನೇ ಕಟ್ ಆಗ್ತದೆ."

ಇಂಥ ಕಡೆ ಎಲ್ಲರೂ ಮೊದಲು ಸಿಗ್ನಲ್ಲನ್ನೇ ಬೈಯುವುದು. ಆದರೆ ಅದೇ ಹಾಟ್‌ಸ್ಪಾಟ್‌ನಲ್ಲಿ ಅವರ ಮಗ ವಿಡಿಯೋ ನೋಡುತ್ತಿದ್ದ. ವಿಪಿಎನ್ ಕನೆಕ್ಟ್ ಆಗಿದೆ, ಪಾಸ್‌ವರ್ಡ್ ದಾಟಿದೆ ಅಂದಮೇಲೆ ಕೀಲಿ, ವಿಳಾಸ, ಆಫೀಸ್ ಪಿಸಿಯ ಫೈರ್‌ವಾಲ್ ಎಲ್ಲ ಸರಿ ಇದೆ. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಕೊಟ್ಟು ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲಾದ 3389ನೇ ಪೋರ್ಟ್ ನೋಡಿಸಿದೆ. ಅದೂ ಟ್ರೂ ಎಂದೇ ಬಂತು. ನನ್ನ ಮೊಬೈಲ್‌ನಿಂದ ಹಾಟ್‌ಸ್ಪಾಟ್ ಹಾಕಿ ಶಿರಸಿಯಿಂದಲೇ ಆಫೀಸಿಗೆ ಸೇರಿಕೊಂಡೆ. ನನಗೂ ಕಪ್ಪು ಪರದೆ! ಖುಷಿಯಾಯಿತು. ತೊಂದರೆ ನಮ್ಮ ಮೇಜಿನ ಮೇಲೇ ಕಾಣಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಸಣ್ಣದ್ದೆಲ್ಲ ದಾಟುತ್ತದೆ, ದೊಡ್ಡದು ಬಂದಾಗ ನಿಲ್ಲುತ್ತದೆ. ಲಾಗಿನ್‌ನ ಮಾತುಕತೆಯ ಪ್ಯಾಕೆಟ್‌ಗಳು (ನೆಟ್‌ನಲ್ಲಿ ಮಾಹಿತಿ ಹೋಗುವ ಕಟ್ಟುಗಳು) ಚಿಕ್ಕವು. ಪರದೆಯ ಚಿತ್ರ ಬರಲು ಶುರುವಾದಾಗ ಆಫೀಸ್ ಪಿಸಿ ತುಂಬಿದ ಪ್ಯಾಕೆಟ್‌ಗಳನ್ನು ಸಾಲಾಗಿ ಕಳಿಸುತ್ತದೆ. ಘಟ್ಟದ ತಿರುವಿನಲ್ಲಿ ಬೈಕು, ಕಾರು ಹೋಗುತ್ತವೆ, ಉದ್ದದ ಲಾರಿ ಸಿಕ್ಕಿಕೊಳ್ಳುತ್ತದೆ ಅಲ್ವಾ, ಹಾಗೆ. ಲಾರಿ ಹಿಡಿಸದಿದ್ದರೆ ಕಳಿಸಿದವನಿಗೆ ಸುದ್ದಿ ಮುಟ್ಟಬೇಕು. ಐಸಿಎಂಪಿ ಎಂಬ ಸಂದೇಶ ಇರುವುದು ಇದಕ್ಕೂ ಸೇರಿಯೇ. ದಾರಿಯಲ್ಲಿ ಯಾರೋ ಅದನ್ನು ತಡೆದರೆ ಆಫೀಸ್ ಪಿಸಿಗೆ ಗೊತ್ತೇ ಆಗುವುದಿಲ್ಲ. ಅದೇ ಅಳತೆಯಲ್ಲಿ ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಈ ಕಡೆ ಪರದೆ ಕಪ್ಪಾಗಿಯೇ ಇರುತ್ತದೆ.

ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಈ ಅಳತೆಯ ಹೆಸರು ಎಂಟಿಯು. ಮಾಮೂಲಿ ಈಥರ್‌ನೆಟ್‌ನಲ್ಲಿ 1500 ಬೈಟ್. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸೇರುವ ಪಿಪಿಪಿಒಇ ಫೈಬರ್ ಲೈನಿನಲ್ಲಿ 8 ಬೈಟ್ ಖರ್ಚಾಗಿ 1492 ಉಳಿಯುತ್ತದೆ. ವೈರ್‌ಗಾರ್ಡ್ ತನ್ನೊಳಗೆ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ. ಅದರ ಮೇಲೆ ತನ್ನ ಹೊದಿಕೆ 60 ಬೈಟ್, ಒಟ್ಟು 1480. ಫೈಬರ್‌ನ 1492ರ ಒಳಗೇ ಬಂತು. ಅಕ್ಕನಿಗೆ ಮನೆ ನೆಟ್‌ನಲ್ಲಿ ತೊಂದರೆ ಆಗದಿದ್ದುದು ಇದರಿಂದಲೇ.

ಮೊಬೈಲ್‌ನಲ್ಲಿ ಲೆಕ್ಕ ಬೇರೆ. ಎಷ್ಟೋ ಮೊಬೈಲ್ ನೆಟ್‌ವರ್ಕ್‌ಗಳ ಒಳಗೆ ಈಗ ಓಡುವುದು ಇಂಟರ್ನೆಟ್ ವಿಳಾಸದ ಹೊಸ ಪದ್ಧತಿಯಾದ ಐಪಿವಿ6. ನಮ್ಮ ಹಳೆಯ ಪದ್ಧತಿಯ ಐಪಿವಿ4 ಪ್ಯಾಕೆಟನ್ನು ಫೋನು ಐಪಿವಿ6 ಆಗಿ ಬದಲಿಸಿ ಕಳಿಸುತ್ತದೆ. ಅಲ್ಲಿ ಪ್ಯಾಕೆಟಿನ ವಿಳಾಸ ಬರೆಯುವ ತಲೆಬರಹ 20 ಬೈಟ್ ಜಾಸ್ತಿ. 1480 ಇದ್ದದ್ದು ಸರೀ 1500 ಆಯಿತು. ಮೇಲಿಂದ ಮೊಬೈಲ್ ಕಂಪನಿಯ ಒಳದಾರಿ ಪೂರಾ 1500 ಕೊಡುತ್ತದೆ ಅನ್ನುವ ಭರವಸೆಯೂ ಇಲ್ಲ.

ಅಂದಾಜಿನ ಮೇಲೆ ಸೆಟಿಂಗ್ ಮುಟ್ಟುವುದು ನನಗೆ ಆಗದು. ಅಳೆದೇ ಬಿಡೋಣ ಎಂದು ಕೂತೆ. ಪಿಂಗ್ ಅಂದರೆ ಒಂದು ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ಎಂದು ನೋಡುವ ಕಮಾಂಡ್. ವಿಂಡೋಸ್‌ನ ಪಿಂಗ್‌ಗೆ ಎಫ್ ಎಂಬ ಆಯ್ಕೆ ಕೊಟ್ಟರೆ ಪ್ಯಾಕೆಟನ್ನು ತುಂಡು ಮಾಡಬೇಡ ಎಂದರ್ಥ. ಎಲ್ ಕೊಟ್ಟು ಪಕ್ಕಕ್ಕೆ ಅಳತೆ ಬರೆಯಬೇಕು. ಆ ಅಳತೆಗೆ ಪಿಂಗ್ ತನ್ನದು 28 ಬೈಟ್ ಸೇರಿಸುತ್ತದೆ. ಆದ್ದರಿಂದ 1420 ಪರೀಕ್ಷಿಸಬೇಕಾದರೆ 1392 ಎಂದು ಕೊಡಬೇಕು. ಪಿಂಗ್ ಮಾಡುವುದು ವಿಪಿಎನ್ ಒಳಗಿನ ವಿಳಾಸಕ್ಕೆ, ಹೊರಗಿನದ್ದಕ್ಕಲ್ಲ. ವಿಂಡೋಸ್ ಪಿಸಿಗಳ ಫೈರ್‌ವಾಲ್ ಎಷ್ಟೋ ಸಲ ಪಿಂಗ್‌ಗೆ ಉತ್ತರ ಕೊಡಲು ಬಿಡುವುದಿಲ್ಲ. ಅದಕ್ಕೇ ನಾನು ಆಫೀಸ್ ರೌಟರ್‌ನ ಒಳವಿಳಾಸಕ್ಕೆ ಹೊಡೆದೆ.

ಇಲ್ಲಿ ಬರುವ ಉತ್ತರವನ್ನು ಸರಿಯಾಗಿ ಓದಬೇಕು. ಪ್ಯಾಕೆಟ್ ತುಂಡು ಮಾಡಬೇಕಾಗಿದೆ ಎಂದು ತಕ್ಷಣ ಬಂದರೆ ನಮ್ಮ ಅಡಾಪ್ಟರೇ ಬೇಡ ಅಂದಿದೆ, ಪ್ಯಾಕೆಟ್ ಹೊರಗೇ ಹೋಗಿಲ್ಲ. ರಿಕ್ವೆಸ್ಟ್ ಟೈಮ್ಡ್ ಔಟ್ ಎಂದು ತಡವಾಗಿ ಬಂದರೆ ಪ್ಯಾಕೆಟ್ ಹೋಗಿದೆ, ದಾರಿಯಲ್ಲಿ ಕಳೆದಿದೆ. ನನಗೆ 1392ಕ್ಕೆ ಬಂದದ್ದು ಎರಡನೆಯದು. 1000ಕ್ಕೆ ಉತ್ತರ ಸಲೀಸಾಗಿ ಬಂತು. ಮಧ್ಯಕ್ಕೆ ಹೋಗುತ್ತಾ, ಅರ್ಧರ್ಧ ಮಾಡುತ್ತಾ ಬಂದರೆ 1312ರವರೆಗೆ ಉತ್ತರ ಬರುತ್ತಿತ್ತು, ಅದರ ಮೇಲೆ ಬಾಗಿಲು ಮುಚ್ಚುತ್ತಿತ್ತು. 28 ಸೇರಿಸಿದರೆ 1340.

1340 ಎಂದೇ ಬರೆಯಬಹುದಿತ್ತು. ಆದರೆ ಟವರ್ ಬದಲಾದರೆ, ಸಿಮ್ ಬದಲಾದರೆ ಇದೂ ಬದಲಾಗಬಹುದು. ನಾನು 1280 ಇಟ್ಟೆ. ಐಪಿವಿ6 ಓಡಬೇಕಾದರೆ ಕನಿಷ್ಠ ಇಷ್ಟು ಬೇಕೇ ಬೇಕು. ಅದಕ್ಕಿಂತ ಕೆಳಗೆ ಇಳಿಸಲು ಹೋಗಬೇಡಿ, ಬೇರೆ ತಲೆನೋವು ಶುರುವಾಗುತ್ತದೆ. ವೇಗ ಹೋಗುತ್ತದಾ ಎಂದು ಕೇಳುವವರಿದ್ದಾರೆ. ಹೊದಿಕೆಯ 60 ಬೈಟ್ 1420, 1280 ಎರಡರಲ್ಲೂ ಒಂದೇ. ಲೆಕ್ಕ ಹಾಕಿದರೆ ವ್ಯತ್ಯಾಸ ಶೇಕಡ ಅರ್ಧದಷ್ಟು.

ಬದಲಿಸುವುದು ಸುಲಭ. ವೈರ್‌ಗಾರ್ಡ್ ಕಿಟಕಿಯಲ್ಲಿ ಎಡಿಟ್ ಒತ್ತಿ, ಇಂಟರ್‌ಫೇಸ್ ಭಾಗದಲ್ಲಿ ಎಂಟಿಯು ಈಕ್ವಲ್ ಟು 1280 ಎಂದು ಒಂದು ಸಾಲು. ಡಿಆಕ್ಟಿವೇಟ್ ಮಾಡಿ ಮತ್ತೆ ಆಕ್ಟಿವೇಟ್. ಬೇರೆ ವಿಪಿಎನ್ ಇದ್ದವರು ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್‌ಎಸ್‌ಎಚ್ ಎಂಬ ಕಮಾಂಡಿನಲ್ಲಿ ಸಬ್‌ಇಂಟರ್‌ಫೇಸ್‌ಗಳ ಪಟ್ಟಿ ನೋಡಿ, ಅಲ್ಲಿಂದಲೇ ಎಂಟಿಯು ಕೊಡಬಹುದು. ಆದರೆ ವಿಪಿಎನ್ ಬಿಟ್ಟು ಸೇರಿದ ಮೇಲೆ ಆ ಅಂಕಿ ಹಾಗೇ ಇದೆಯಾ ಎಂದು ಇನ್ನೊಮ್ಮೆ ನೋಡಿ. ಹಳೆಯದಕ್ಕೇ ಮರಳುವುದೂ ಉಂಟು.

ಲ್ಯಾಪ್‌ಟಾಪ್ ಕಡೆ ಮಾತ್ರ ಇಳಿಸಿದರೆ ಆಫೀಸ್ ಪಿಸಿ ಹೇಗೆ ಚಿಕ್ಕ ಪ್ಯಾಕೆಟ್ ಕಳಿಸುತ್ತದೆ? ಟಿಸಿಪಿ (ಕಳಿಸಿದ್ದು ಮುಟ್ಟಿತಾ ಎಂದು ಖಾತ್ರಿ ಮಾಡಿಕೊಳ್ಳುವ ವಿಧಾನ) ಸಂಪರ್ಕ ಶುರುವಾಗುವಾಗಲೇ ಎರಡೂ ಕಡೆ ತಮ್ಮ ಅಳತೆ ಹೇಳಿಕೊಳ್ಳುತ್ತವೆ. ಎಂಟಿಯು 1280 ಇದ್ದರೆ ಲ್ಯಾಪ್‌ಟಾಪ್ ತಲೆಬರಹದ 40 ಕಳೆದು 1240 ಬೈಟ್ ಸಾಕು ಎನ್ನುತ್ತದೆ, ಆಫೀಸ್ ಪಿಸಿ ಅದಕ್ಕೆ ಒಪ್ಪುತ್ತದೆ. ಆದರೂ ನಾನು ಆಫೀಸ್ ರೌಟರ್‌ನಲ್ಲೂ 1280 ಮಾಡಿದೆ. ಟಿಸಿಪಿ ಅಲ್ಲದ್ದೂ ಆ ದಾರಿಯಲ್ಲಿ ಓಡಾಡುತ್ತದಲ್ಲ.

ಅಕ್ಕನಿಗೆ ಫೋನ್‌ನಲ್ಲೇ ಆ ಒಂದು ಸಾಲು ಬರೆಸಿದೆ. ಪರದೆ ಬಂತು, ಟ್ಯಾಲಿಯೂ ಬಂತು. ಆದರೆ ಸಂಜೆ ಇನ್ನೊಂದು ದೂರು: ನಡುನಡುವೆ ಪರದೆ ಹೆಪ್ಪುಗಟ್ಟಿ ಮತ್ತೆ ಓಡುತ್ತದೆ. ಇದು ಬೇರೆ ರೋಗ. ರಿಮೋಟ್ ಡೆಸ್ಕ್‌ಟಾಪ್ 2012ರ ಆವೃತ್ತಿಯಿಂದ ಟಿಸಿಪಿ ಜೊತೆಗೆ ಯುಡಿಪಿಯನ್ನೂ (ಮುಟ್ಟಿತಾ ಎಂದು ಕಾಯದೆ ಕಳಿಸುವ ವಿಧಾನ) ಬಳಸುತ್ತದೆ. ಒಳ್ಳೆ ಲೈನಿನಲ್ಲಿ ಅದು ಚೆನ್ನ. ಏರಿಳಿಯುವ ಸಿಗ್ನಲ್‌ನಲ್ಲಿ, ಅದೂ ವಿಪಿಎನ್ ಒಳಗೆ, ಸತಾಯಿಸುವುದೇ ಜಾಸ್ತಿ. ಪರದೆಯ ಮೇಲಿನ ನೀಲಿ ಪಟ್ಟಿಯಲ್ಲಿ ಸಿಗ್ನಲ್ ಗುರುತನ್ನು ಒತ್ತಿದರೆ ಯುಡಿಪಿ ಇದೆಯೋ ಇಲ್ಲವೋ ತಿಳಿಯುತ್ತದೆ. ಲ್ಯಾಪ್‌ಟಾಪ್‌ನ ಗ್ರೂಪ್ ಪಾಲಿಸಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಕ್ಲೈಂಟ್ ಎಂಬಲ್ಲಿ ಟರ್ನ್ ಆಫ್ ಯುಡಿಪಿ ಆನ್ ಕ್ಲೈಂಟ್ ಎಂದಿದೆ. ಅದನ್ನು ಎನೇಬಲ್ ಮಾಡಿದೆ. ಹೆಪ್ಪುಗಟ್ಟುವುದು ನಿಂತಿತು.

ಕೆಲವರು ಕೇಳುತ್ತಾರೆ, ಇಷ್ಟೆಲ್ಲ ಯಾಕೆ, 3389 ಪೋರ್ಟನ್ನೇ ರೌಟರ್‌ನಲ್ಲಿ ತೆರೆದಿಟ್ಟರೆ ಆಗುವುದಿಲ್ಲವಾ ಅಂತ. ಬೇಡವೇ ಬೇಡ. ತೆರೆದಿಟ್ಟ ಆ ಪೋರ್ಟಿನ ಮೇಲೆ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲುರಾತ್ರಿ ಬಡಿಯುತ್ತಿರುತ್ತವೆ. 2019ರಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲೇ ಸಿಕ್ಕ ಬ್ಲೂಕೀಪ್ ಎಂಬ ದೋಷ ಬಳಸಿ ಒಳನುಗ್ಗಲು ಪಾಸ್‌ವರ್ಡೂ ಬೇಕಿರಲಿಲ್ಲ.

ಫೈಬರ್ ವಾಪಸ್ ಬಂದ ಮೇಲೂ 1280 ಹಾಗೇ ಬಿಟ್ಟಿದ್ದೇವೆ. ಈಗ ಹೊಸದಾಗಿ ಯಾರಿಗೆ ವಿಪಿಎನ್ ಹಾಕಿಕೊಟ್ಟರೂ ಮೊದಲೇ ಆ ಸಾಲು ಬರೆಯುತ್ತೇನೆ. ಕೊಡುವ ಮುಂಚೆ ಅವರ ಮನೆಯ ವೈಫೈ ಬಿಡಿಸಿ, ಅವರದೇ ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ ಒಂದು ದೊಡ್ಡ ಲೆಡ್ಜರ್ ತೆರೆದು ತೋರಿಸಿ ಎನ್ನುತ್ತೇನೆ.